ಕರಿಗುಡ್ಡದ ಆರು ಹಕ್ಕಿಗಳು

ಕಣ್ಣಿಗೆ ಬೀಳದ ಪ್ರಾಣಿಯನ್ನೂ ಎಣಿಸುವ ಯಂತ್ರ ಬಂದು ಹದಿನೆಂಟು ವರ್ಷವಾಗಿತ್ತು. ಅದರ ಹೆಸರು ‘ಸುಳಿವು’. ಅದು ಪ್ರಾಣಿಯನ್ನು ಹುಡುಕುವುದಿಲ್ಲ. ಆ ಪ್ರಾಣಿ ಇಲ್ಲದೇ ಹೋಗಿದ್ದರೆ ಕಾಡಿನಲ್ಲಿ ಏನು ನಡೆಯುತ್ತಿರಲಿಲ್ಲವೋ ಅದನ್ನು ಹುಡುಕುತ್ತದೆ. ಇಂಥ ಬಾವಲಿ ಇಲ್ಲದ ಕಡೆ ಇಂಥ ಹೂವು ಕಾಯಿ ಕಟ್ಟುವುದಿಲ್ಲ. ಕಾಯಿ ಇದೆ ಎಂದರೆ ಬಾವಲಿ ಇದೆ. ಉಪಗ್ರಹದ ಚಿತ್ರ, ಮರಗಳ ನಡುವೆ ನುಸುಳಿ ಬರುವ ಅಂಗೈಯಗಲದ ಡ್ರೋನುಗಳ ಚಿತ್ರ, ಎಲ್ಲವನ್ನೂ ಜೋಡಿಸಿ ಇಂಥದ್ದು ಇಷ್ಟಿವೆ ಎಂದು ಹೇಳಿಬಿಡುತ್ತದೆ. ಮೊದಲು ಜನ ನಕ್ಕರು. ಅಳಿದುಹೋಗಿದೆ ಎಂದು ಎಲ್ಲರೂ ಕೈಬಿಟ್ಟಿದ್ದ ಒಂದು ಜಾತಿಯ ಕಾಡುಬೆಕ್ಕು ಅದು ಹೇಳಿದ ಬೆಟ್ಟದಲ್ಲೇ, ಹೇಳಿದಷ್ಟೇ ಸಂಖ್ಯೆಯಲ್ಲಿ ಸಿಕ್ಕ ಮೇಲೆ ನಗು ನಿಂತಿತು. ಆಮೇಲೆ ಕಾನೂನು ಬಂತು. ಅಪರೂಪದ ಪ್ರಾಣಿಯೊಂದು ‘ಇದೆ’ ಎಂದು ಸುಳಿವು ಹೇಳಿದರೆ ನೆಲ ಆ ಪ್ರಾಣಿಗೆ. ‘ಇಲ್ಲ’ ಎಂದರೆ ನೆಲ, ಯಾರಿಗೆ ಬೇಕೋ ಅವರಿಗೆ.

ಸಮುದ್ರದ ದಡದಲ್ಲಿದ್ದ ಸುಳಿವು ನಿಯಂತ್ರಣ ಕೊಠಡಿಯಲ್ಲಿ ಶೇವಂತಿ ಒಂಬತ್ತು ವರ್ಷದಿಂದ ಪರದೆ ನೋಡುವ ಕೆಲಸದಲ್ಲಿದ್ದಳು. ದಡದಿಂದ ಲಾಂಚಿನಲ್ಲಿ ನಾಲ್ಕು ತಾಸಿನ ದಾರಿಯ ಕರಿಗುಡ್ಡ ದ್ವೀಪ ಅವಳು ಹುಟ್ಟಿದ ಊರು. ನಲವತ್ತಮೂರು ಮನೆ, ಎಲ್ಲ ಮೀನು ಹಿಡಿಯುವವರು, ದೋಣಿ ಕಟ್ಟುವವರು. ದ್ವೀಪದ ಹಳ್ಳ, ಗುಡ್ಡ, ಬಂಡೆಗಳ ಹೆಸರು ಬಲ್ಲವರು ಬೇಕೆಂದು ಅವಳಿಗೆ ಈ ಕೆಲಸ ಸಿಕ್ಕಿತ್ತು. ಗಂಡ ಗೋವೆಯ ಬೋಟಿನಲ್ಲಿ ದುಡಿಯುತ್ತಿದ್ದ, ಮಳೆಗಾಲಕ್ಕೆ ಮಾತ್ರ ಬರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಗಂಡುಮಗು ಹುಟ್ಟಿ ಒಂಬತ್ತು ದಿನ ಬದುಕಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಅಂದಿನಿಂದ ಶೇವಂತಿಗೆ ಯಾವ ಸುದ್ದಿಯೂ ಕಿವಿಯಿಂದ ಒಳಕ್ಕೆ ಇಳಿಯುತ್ತಿರಲಿಲ್ಲ. ಕೆಲಸಕ್ಕೆ ಅದರಿಂದ ಅನುಕೂಲವೇ ಆಗಿತ್ತು. ಅವಳಷ್ಟು ತಪ್ಪಿಲ್ಲದೆ ಪರದೆ ನೋಡುವವರು ಆ ಕೊಠಡಿಯಲ್ಲಿ ಇನ್ನೊಬ್ಬರಿರಲಿಲ್ಲ.

ಕರಿಗುಡ್ಡದಲ್ಲಿ ಸುಳಿವು ಎಣಿಸುತ್ತಿದ್ದದ್ದು ನೆಲಹುಂಡ ಎಂಬ ಹಕ್ಕಿಯನ್ನು. ಕೋಳಿಗಿಂತ ದೊಡ್ಡದು, ಮೋಟು ರೆಕ್ಕೆ, ಹಾರಲು ಬಾರದು. ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದನ್ನು ಕೊನೆಯ ಸಲ ಮನುಷ್ಯರು ಕಂಡು ಮೂವತ್ತೊಂದು ವರ್ಷವಾಗಿತ್ತು. ಆದರೆ ಆ ಕಾಡಿನಲ್ಲಿ ಗೊರಟುಹೊನ್ನೆ ಎಂಬ ಮರವಿದೆ. ಅದರ ಬೀಜದ ಚಿಪ್ಪು ಕಲ್ಲಿನಷ್ಟು ಗಟ್ಟಿ. ನೆಲಕ್ಕೆ ಬಿದ್ದರೆ ಹಾಗೇ ಕೊಳೆಯುತ್ತದೆ. ನೆಲಹುಂಡ ಅದನ್ನು ನುಂಗಿ, ಹೊಟ್ಟೆಯೊಳಗಿನ ಹರಳುಗಳಿಂದ ಚಿಪ್ಪನ್ನು ಸವೆಸಿ ಹೊರಹಾಕಿದರೆ ಮಾತ್ರ ಮೊಳೆಯುತ್ತದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ದ್ವೀಪದಲ್ಲಿ ಐದಾರು ಹೊಸ ಗೊರಟುಹೊನ್ನೆ ಸಸಿಗಳು ಕಾಣಿಸುತ್ತಿದ್ದವು. ಅಷ್ಟು ಸಸಿ ಏಳಬೇಕಾದರೆ ನಾಲ್ಕು ಹಕ್ಕಿ ಬೇಕು ಎಂದು ಸುಳಿವು ಲೆಕ್ಕ ಹಾಕಿತ್ತು.

ಆ ವರ್ಷ ಒಂಬತ್ತು ಸಸಿ ಎದ್ದವು.

“ಆರು!” ಎಂದು ಕೂಗಿಕೊಂಡೇ ಡಾಕ್ಟರ್ ಪ್ರಹ್ಲಾದ ಕಟ್ಟಿ ಕೊಠಡಿಯೊಳಗೆ ಬಂದರು. ಧಾರವಾಡದ ಕಡೆಯವರು, ನಿವೃತ್ತಿಗೆ ಎರಡು ವರ್ಷ ಇತ್ತು. ನೆಲಹುಂಡದ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ್ದರು. ಒಮ್ಮೆಯೂ ಅದನ್ನು ನೋಡಿರಲಿಲ್ಲ. “ಆರು ಆಗ್ಯಾವ್ರೀ ಶೇವಂತಿಯವರ! ನಾಲ್ಕರಿಂದ ಆರು! ಮರಿ ಮಾಡ್ಯಾವ ಅಂದ್ರ ಏನ್ ಹುಡುಗಾಟ ಏನು?”

“ಹೌದು ಸರ್,” ಎಂದಳು ಶೇವಂತಿ.

“ನಿಮಗ ಖುಷಿನ ಆಗೂದಿಲ್ಲ ನೋಡ್ರಿ. ತಗೋರಿ, ಪೇಢೆ ತಗೋರಿ.”

ಅವಳು ಪೇಢೆ ತಿಂದಳು. ಹದಿನೈದು ದಿನಕ್ಕೆ ಆದೇಶ ಬಂತು. ಹಕ್ಕಿ ನಾಲ್ಕಿದ್ದಾಗ ಅರ್ಧ ದ್ವೀಪ ಸಾಕಿತ್ತು. ಆರಾದರೆ, ಅದೂ ಹೆಚ್ಚುತ್ತಿರುವ ಆರಾದರೆ, ಪೂರ್ತಿ ದ್ವೀಪ ಬೇಕು. ನಲವತ್ತಮೂರು ಮನೆಯವರು ನಾಲ್ಕು ತಿಂಗಳೊಳಗೆ ದಡದಲ್ಲಿ ಕಟ್ಟಿಸಿಕೊಡುವ ಕಾಲನಿಗೆ ಬರಬೇಕು. ಆದೇಶವನ್ನು ಪರದೆಯ ಮೇಲೆ ಮೊದಲು ಓದಿದವಳು ಶೇವಂತಿಯೇ. ಅವಳಿಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದು ಗೊತ್ತಾಯಿತು, ಅಷ್ಟೇ.

*

ಶನಿವಾರದ ಲಾಂಚಿಗೆ ಅವಳು ಊರಿಗೆ ಹೋದಳು. ತಾಯಿ ಮಾದೇವಿ ಹಿತ್ತಲಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಹಸನು ಮಾಡುತ್ತಿದ್ದಳು. ತಮ್ಮ ಮಂಕಾಳ ಬಲೆಯ ತೂತು ಹೊಲಿಯುತ್ತಿದ್ದ.

“ಬಂದ್ಳು ನೋಡು, ಹಕ್ಕಿ ಕಡೆಯವ್ಳು,” ಎಂದ ಮಂಕಾಳ. “ಎಂತ ಅಕ್ಕಾ, ನಿನ್ ಹಕ್ಕಿಗಳಿಗೆ ನಮ್ ಮನೆ ಸಾಲ್ತದ್ಯಾ, ಅಲ್ಲ ಮಾಡಿನ ಹಂಚು ಬದಲ್ಸಿ ಕೊಡ್ಬೇಕಾ?”

“ಸುಮ್ಮನಿರು ನೀನು,” ಎಂದಳು ಮಾದೇವಿ. “ಬಾ ಮಗಾ. ಉಂಡ್ಯಾ?”

“ಲಾಂಚಿನಲ್ಲಿ ಅವಲಕ್ಕಿ ತಿಂದೆ.”

“ಅವಲಕ್ಕಿ ಊಟವಾ?”

ಮಂಕಾಳ ಬಿಡಲಿಲ್ಲ. “ನಾನೂ ನಲವತ್ತು ವರ್ಷದಿಂದ ಈ ಕಾಡು ತಿರುಗ್ತೇ ಇದ್ದೆ. ಒಂದ್ ರೆಕ್ಕೆ ಪುಕ್ಕ ಕಾಣ್ಲಿಲ್ಲ. ನಿಂಗೆ ಅಲ್ಲಿ ಕುರ್ಚಿ ಮೇಲೆ ಕೂತ್ರೆ ಆರು ಕಾಣ್ತದೆ. ಎಲ್ಲಿ ಅದೆ, ತೋರ್ಸು ನೋಡ್ವ.”

ಶೇವಂತಿ ಚೀಲದಿಂದ ಟ್ಯಾಬ್ ತೆಗೆದು ದ್ವೀಪದ ನಕ್ಷೆ ತೋರಿಸಿದಳು. ಹಸಿರು ನಕ್ಷೆಯ ಮೇಲೆ ಎಪ್ಪತ್ತೆರಡು ಕೆಂಪು ಚುಕ್ಕೆಗಳಿದ್ದವು. ಹನ್ನೆರಡು ವರ್ಷದಲ್ಲಿ ಎದ್ದ ಸಸಿಗಳು ಅವು, ಹಕ್ಕಿ ಓಡಾಡಿದ ಜಾಗಗಳು ಎಂದು ಹೇಳಿದಳು. ಗೊರಟುಹೊನ್ನೆ ಬಹಳ ನಿಧಾನಕ್ಕೆ ಬೆಳೆಯುವ ಮರ, ಹನ್ನೆರಡು ವರ್ಷಕ್ಕೆ ಸೊಂಟದೆತ್ತರ ಬಂದರೆ ಹೆಚ್ಚು. ಅಷ್ಟೂ ಇನ್ನೂ ಸಸಿಗಳೇ.

ಮಾದೇವಿ ಕೈ ತೊಳೆದುಕೊಂಡು ಬಂದು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಕತ್ತಿಯ ಹತ್ತಿರ ಬಂದ ಬೆಕ್ಕನ್ನು ಯಾರೂ ಓಡಿಸಲಿಲ್ಲ.

“ಇದು ಸಿಹಿನೀರ ಹಳ್ಳ ಅಲ್ದಾ?” ಎಂದಳು.

“ಹೌದು.”

“ಇದು ಆನೆಬಂಡೆ ಹಿಂದೆ.” ಅವಳ ಬೆರಳು ಒಂದು ಚುಕ್ಕೆಯ ಮೇಲೆ ನಿಂತಿತು. “ಇದು ಮಂಕಾಳನ ಕಿರಿ ಮಗಳದ್ದು.”

“ಎಂತ ನನ್ ಮಗಳದ್ದು?” ಎಂದ ಮಂಕಾಳ.

“ನೀ ಸ್ವಲ್ಪ ಹೊರಗೆ ಹೋಗು.”

“ನಾ ಎಂತಕೆ ಹೋಗ್ಲಿ?”

“ಗಂಡಸರು ಕೇಳೂ ಮಾತಲ್ಲ. ಹೋಗು.”

ಅವನು ಬಲೆ ಹೊತ್ತುಕೊಂಡು ಗೊಣಗುತ್ತ ಅಂಗಳಕ್ಕೆ ಹೋದ. ಮಾದೇವಿ ಮಗಳ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಹೇಳಿದಳು. ದ್ವೀಪದಲ್ಲಿ ಮಗು ಹುಟ್ಟಿದರೆ ಆ ಮನೆಯ ಅಜ್ಜಿ ಒಂದು ಗೊರಟುಹೊನ್ನೆ ಬೀಜ ತಂದು, ಒರಳಕಲ್ಲಿನ ಮೇಲೆ ಮರಳು ಹಾಕಿ ತಿಕ್ಕಿ ತಿಕ್ಕಿ ಚಿಪ್ಪು ತೆಳು ಮಾಡಿ, ಮೂರು ದಿನ ಹುಳಿ ಗಂಜಿಯಲ್ಲಿ ನೆನೆಹಾಕಿ, ಸೌದೆಗೆ ಹೋಗುವವಳ ಹಾಗೆ ಹೋಗಿ ಕಾಡಿನಲ್ಲಿ ನೆಟ್ಟು ಬರುತ್ತಾಳೆ. ಆ ಮಗು ದೊಡ್ಡದಾಗಿ, ಅದರ ಮಗನ ಕಾಲಕ್ಕೋ ಮೊಮ್ಮಗನ ಕಾಲಕ್ಕೋ ದೋಣಿಯ ಅಡಿಮರಕ್ಕೆ ಆ ಮರ. ಆ ಮಗುವಿಗೆ ಇಪ್ಪತ್ತು ತುಂಬಿದಾಗ ಇದು ನಿನ್ನ ಮರ ಎಂದು ಒಮ್ಮೆ ತೋರಿಸುವುದು, ನೆಟ್ಟದ್ದೆಂದು ಹೇಳುವುದಿಲ್ಲ. ಅದಕ್ಕೆ ಮೊದಲು ಬೇರೆ ಯಾರಿಗೂ ಬಾಯಿ ಬಿಡುವ ಹಾಗಿಲ್ಲ. ಹೇಳಿದರೆ ಆ ಮರದ ದೋಣಿ ನೀರಿನ ಮೇಲೆ ನಿಲ್ಲುವುದಿಲ್ಲ. ನೆಡುವ ಕೆಲಸ ಹೆಂಗಸಿಗೆ ಗೊತ್ತಾಗುವುದೂ ತಾನು ಅಜ್ಜಿಯಾದಾಗಲೇ.

“ನನ್ ಅತ್ತೆ ನನಗೆ ಹೇಳ್ಕೊಟ್ರು. ಅವರಿಗೆ ಅವರ ಅತ್ತೆ. ನಿಂಗೆ ಇಪ್ಪತ್ತು ತುಂಬ್ದಾಗ ನಿನ್ ಅಜ್ಜಿ ಕರ್ಕೊಂಡ್ ಹೋಗಿ ಒಂದು ಗಿಡ ತೋರ್ಸ್ಲಿಲ್ವಾ?”

“ತೋರ್ಸಿದ್ದರು. ಅದು ತಾನಾಗಿ ಹುಟ್ಟಿದ್ದು, ನನ್ನ ಹೆಸರಿಗೆ ಗುರುತು ಮಾಡಿದ್ದು ಅಂದ್ಕೊಂಡಿದ್ದೆ.”

“ತಾನಾಗಿ ಎಲ್ಲಿ ಹುಟ್ತದೆ? ಅದರ ಚಿಪ್ಪು ಕಂಡಿದ್ಯಲ್ಲ.”

ಶೇವಂತಿ ನಕ್ಷೆ ನೋಡಿದಳು. “ಈ ವರ್ಷ ಒಂಬತ್ತು ಎದ್ದಿದೆ.”

“ಒಂಬತ್ತು ಹೆರಿಗೆ ಆಯ್ತಲ್ಲ ಮಾರಾಯ್ತಿ. ನೆನಪಿಲ್ವಾ? ಲಕ್ಷ್ಮಿಗೆ ಅವಳಿ.”

ಶೇವಂತಿ ಮತ್ತೊಂದು ಪ್ರಶ್ನೆ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು. “ಇಪ್ಪತ್ತು ವರ್ಷದ ಹಿಂದೆ ಕಟ್ಟಿ ಸಾಹೇಬ್ರು ಮನೆಮನೆಗೆ ಬಂದಿದ್ದರಲ್ಲ. ಗೊರಟುಹೊನ್ನೆ ನೀವು ನೆಡ್ತೀರಾ ಅಂತ ಕೇಳಿದ್ದರಲ್ಲ.”

“ಕೇಳಿದ್ರು. ಇಲ್ಲ ಅಂದ್ವು.”

“ಎಲ್ಲರೂ?”

“ಎಲ್ಲರೂ ಇಲ್ಲ ಅಂದ್ವು. ಮತ್ತೆಂತ ಹೇಳುದು? ಲೆಕ್ಕ ಬರ್ಕೊಳ್ಳೂಕೆ ಬಂದ ಗಂಡಸಿಗೆ ಹೇಳೂ ಮಾತಾ ಅದು?” ಮಾದೇವಿ ನಕ್ಷೆಯ ತೆಂಕಣ ಮೂಲೆಯಲ್ಲಿ ಒಂಟಿಯಾಗಿದ್ದ ಒಂದು ಚುಕ್ಕೆಯನ್ನು ಮುಟ್ಟಿದಳು. ಮುಟ್ಟಿದ ಕೂಡಲೇ ಅದರ ವಿವರ ತೆರೆದುಕೊಂಡಿತು. ಸಸಿಯ ವಯಸ್ಸು ಹನ್ನೊಂದು ವರ್ಷ. ನೆಲಹುಂಡ, ಹೆಣ್ಣು, ಒಂಟಿ ಸಂಚಾರ ಎಂದು ಸುಳಿವು ಬರೆದಿತ್ತು.

“ಇದು ನಿನ್ ಮಗಂದು,” ಎಂದಳು ಮಾದೇವಿ. “ಹುಟ್ಟಿದ ನಾಲ್ಕನೇ ದಿನಕ್ಕೆ ನೆಟ್ಟಿದ್ದೆ. ಆಮೇಲೆ ಕಿತ್ ಹಾಕೂಕೆ ಮನಸ್ಸು ಬರ್ಲಿಲ್ಲ.”

ಶೇವಂತಿ ಆ ಚುಕ್ಕೆಯನ್ನು ನೋಡಿದಳು. ಎರಡು ವರ್ಷಕ್ಕೊಮ್ಮೆ ಆ ವಿವರವನ್ನು ಪರಿಶೀಲಿಸಿ ಸರಿ ಎಂದು ಗುರುತು ಹಾಕಿದ್ದು ಅವಳೇ. ಟ್ಯಾಬ್ ಮುಚ್ಚಿದಳು. “ಬೆಕ್ಕು ಮೀನು ತಿಂತಾ ಇದೆ,” ಎಂದಳು.

*

ಸೋಮವಾರ ಬೆಳಿಗ್ಗೆ ಅವಳು ಕಟ್ಟಿಯವರಿಗೆ ಎಲ್ಲ ಹೇಳಿದಳು. ಅವರು ಮೊದಲು ನಕ್ಕರು.

“ನಾನು ನಲವತ್ತಮೂರು ಮನೀಗೂ ಹೋಗೇನಿ. ಒಬ್ಬರೂ ಹೌದಂದಿಲ್ಲ. ಈಗ ಮನಿ ಬಿಡಬೇಕಾಗ್ಯದ, ನೆನಪಾತು. ತಾಯಿ ಹೇಳಿದ್ರ ಅಂತ ನೀವು ನಂಬ್ತೀರಿ, ಅದು ಸಹಜ. ಯಂತ್ರ ನಂಬೂದಿಲ್ಲ.”

“ನಿಮ್ಮ ಹತ್ರ ಚಿಪ್ಪು ಇದೆಯಲ್ಲ ಸರ್.”

ಅವರ ಮೇಜಿನ ಖಾನೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಿತ್ತು. ಮೊಳೆತ ಸಸಿಗಳ ಬುಡದಿಂದ ಇಷ್ಟು ವರ್ಷದಲ್ಲಿ ಆರಿಸಿ ತಂದ ಹನ್ನೆರಡು ಚಿಪ್ಪುಗಳು ಅದರಲ್ಲಿದ್ದವು. ಸವೆದದ್ದು ಸರಿಯೇ ಎಂದು ಮಾತ್ರ ನೋಡಿ ಎತ್ತಿಟ್ಟಿದ್ದರು. ಹೇಗೆ ಸವೆದಿದೆ ಎಂದು ಯಾರೂ ನೋಡಿರಲಿಲ್ಲ. ಹೊಟ್ಟೆಯೊಳಗಿನ ಹರಳು ಚಿಪ್ಪನ್ನು ಎಲ್ಲ ದಿಕ್ಕಿನಿಂದಲೂ ಗೀರುತ್ತದೆ. ಕೈಯಿಂದ ಕಲ್ಲಿನ ಮೇಲೆ ತಿಕ್ಕಿದರೆ ಗೀರು ಒಂದೇ ಕಡೆಗೆ ಬೀಳುತ್ತದೆ. ಇದನ್ನು ತಿಳಿಯಲು ಡಾಕ್ಟರೇಟು ಬೇಕಾಗಿಲ್ಲ. ಕಟ್ಟಿಯವರು ಒಂದೊಂದನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಮೊದಲನೆಯದಕ್ಕೆ ಹತ್ತು ನಿಮಿಷ ತೆಗೆದುಕೊಂಡರು. ಕೊನೆಯದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

“ಹನ್ನೆರಡೂ ಒಂದ ಕಡೆ,” ಎಂದರು.

ಚಹಾ ತಂದು ಕೊಟ್ಟ ಹೆಂಗಸು ಎರಡು ಲೋಟ ಇಟ್ಟು ಹೋದಳು. ಅವರು ಕುಡಿಯಲಿಲ್ಲ. ಮೂವತ್ತು ವರ್ಷ ಆ ಹಕ್ಕಿಯ ಹಿಂದೆ ತಿರುಗಿದ್ದರು. ಅದು ಬಹುಶಃ ಅವರು ಕೆಲಸಕ್ಕೆ ಸೇರುವ ಹೊತ್ತಿಗೇ ಮುಗಿದುಹೋಗಿತ್ತು.

“ಶೇವಂತಿಯವರ, ಒಂದು ಮಾತು ಸ್ಪಷ್ಟ ಹೇಳ್ತೀನಿ, ಕೇಳ್ರಿ,” ಎಂದರು ಕೊನೆಗೆ. “ಇದನ್ನ ನಾನು ಬರದೆ ಅಂತ ತಿಳ್ಕೋರಿ. ಸುಳಿವು ‘ಇಲ್ಲ’ ಅಂತದ. ಮರುದಿನ ದ್ವೀಪ ಕಲ್ಲಿನವರಿಗೆ ಹೋಗ್ತದ. ಸಮುದ್ರದ ಗ್ವಾಡಿ ಕಟ್ಟಲಿಕ್ಕೆ ಕಲ್ಲು ಸಾಲವಲ್ದು, ಕರಿಗುಡ್ಡದ ಮ್ಯಾಲೆ ಆರು ವರ್ಷದಿಂದ ಅವರ ಕಣ್ಣದ. ದಡದ ಊರು ಉಳೀಬೇಕಂದ್ರ ಅವರಿಗೂ ಕಲ್ಲು ಬೇಕ, ತಪ್ಪಲ್ಲ ಅದು. ಆದರ ಕಲ್ಲಿಗೆ ಅಂತ ಎಬ್ಬಿಸಿದ ಮಂದಿಗೆ ಮನಿ ಕಟ್ಟಿಕೊಡಬೇಕು ಅಂತ ಕಾನೂನಿಲ್ಲ. ಪ್ರಾಣಿಗೆ ಅಂತ ಎಬ್ಬಿಸಿದ್ರ ಅದ.”

“ಹಕ್ಕಿನೂ ಇಲ್ಲ, ಜನ ಅಲ್ಲೇ ಇರಲಿ ಅಂತ ಆಗುದಿಲ್ವಾ?”

“ಆ ಖಾನೇನ ಇಲ್ಲ.”

“ನಮ್ಮ ಅಮ್ಮ ಒಂದು ಮಾತು ಹೇಳಿದ್ಳು ಸರ್. ಹಕ್ಕಿ ಮಾಡೋ ಕೆಲಸ ನಾವು ಮಾಡ್ತೇವಲ್ಲ, ಹಕ್ಕಿ ಬದಲು ನಮ್ಮ ಹೆಸರು ಬರೀರಿ ಅಂತ.”

ಕಟ್ಟಿಯವರು ನಿಜಕ್ಕೂ ಯೋಚಿಸಿದರು. ಪರದೆಯ ಮುಂದೆ ಕೂತು ಪ್ರಾಣಿಗಳ ಪಟ್ಟಿ ತೆರೆದು, ಹುಡುಕುವ ಜಾಗದಲ್ಲಿ ‘ಮನುಷ್ಯ’ ಎಂದು ಬರೆದೂ ನೋಡಿದರು. ಪಟ್ಟಿಯಲ್ಲಿ ಇರಲಿಲ್ಲ.

“ಬರೀಲ್ಯೋ, ಬ್ಯಾಡೋ? ನೀವ ಹೇಳ್ರಿ. ನನಗ ತಿಳೀವಲ್ದು,” ಎಂದರು.

ಶೇವಂತಿ ಕಿಟಕಿಯಾಚೆ ನೋಡಿದಳು. ಅಲ್ಲಿಂದ ಕರಿಗುಡ್ಡ ಕಾಣುವುದಿಲ್ಲ. ಬರೆದರೆ ಮನೆಯೂ ಹೋಗುತ್ತದೆ, ಗುಡ್ಡವೂ ಹೋಗುತ್ತದೆ, ಆ ಎಪ್ಪತ್ತೆರಡೂ ಹೋಗುತ್ತವೆ. ಬರೆಯದಿದ್ದರೆ ಮನೆ ಮಾತ್ರ. ಕೂಡಿ ಕಳೆದರೆ ಅಷ್ಟೇ. ನಲವತ್ತಮೂರು ಮನೆಯವರನ್ನು ಕೇಳಬೇಕಿತ್ತು. ಕೇಳಿದರೆ ಮಾತು ಹೊರಗೆ ಬರುತ್ತಿತ್ತು.

“ಬರೀಬೇಡಿ,” ಎಂದಳು.

ಕಟ್ಟಿಯವರು ಹನ್ನೆರಡು ಚಿಪ್ಪುಗಳನ್ನೂ ಬಾಟಲಿಗೆ ಹಾಕಿ, ಮುಚ್ಚಳ ತಿರುಗಿಸಿ, ಅವಳ ಕೈಗೆ ಕೊಟ್ಟರು.

*

ಜನ ದ್ವೀಪ ಬಿಟ್ಟ ದಿನ ಯಾರೂ ಅಳಲಿಲ್ಲ. ಹಿಂದಿನ ವಾರ ಅತ್ತಿದ್ದರೋ ಏನೋ. ಏಳು ಲಾಂಚು ಬಂದಿದ್ದವು. ಮಂಚ, ಬಲೆ, ಕೋಳಿಪಂಜರ, ಹಂಡೆ ಎಲ್ಲ ಬಂದವು. ಒರಳಕಲ್ಲುಗಳು ಭಾರವೆಂದು ಲಾಂಚಿನವರು ಹತ್ತಿಸಲಿಲ್ಲ. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗಳ ಆಡಲಿಲ್ಲ.

ಕಾಲನಿಯ ಮನೆಗಳು ಚೆನ್ನಾಗಿಯೇ ಇದ್ದವು. ನಲ್ಲಿ, ಫ್ಯಾನು, ಹೆಂಚಿನ ಬದಲು ಸೋರದ ತಾರಸಿ. ಮನೆಗೊಂದು ಮಿಕ್ಸಿ ಕೊಟ್ಟಿದ್ದರು. ಮಂಕಾಳ ಹೆದ್ದಾರಿಯ ಬದಿಯಲ್ಲಿ ಮೀನು ಇಳಿಸುವ ಕೆಲಸಕ್ಕೆ ಸೇರಿದ. ಮಾತು ಕಡಿಮೆ ಮಾಡಿದ. ಮಾದೇವಿ ಎರಡು ತಿಂಗಳು ಬಾಗಿಲಲ್ಲಿ ಕೂತಳು, ಆಮೇಲೆ ಒಣಮೀನು ಮಾರಲು ಹೊರಟಳು. ಶೇವಂತಿ ಈಗ ಅವರ ಜೊತೆಯೇ ಇದ್ದಳು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ತಾನು ಹುಟ್ಟಿದ ಮನೆಯ ಮಾಡಿನ ಮೇಲೆ ಬಳ್ಳಿ ಹಬ್ಬುವುದನ್ನು ಪರದೆಯ ಮೇಲೆ ನೋಡುತ್ತಿದ್ದಳು.

ಮೊದಲ ಮಳೆಗಾಲ ಕಳೆಯಿತು. ಒಂದು ಸಸಿಯೂ ಏಳಲಿಲ್ಲ. ಆರು ಹೋಗಿ ಮೂರಾಗಿದೆ ಎಂದು ಸುಳಿವು ಹೇಳಿತು. ಮುಂದಿನ ವರ್ಷವೂ ಹೀಗೇ ಆದರೆ ‘ಇಲ್ಲ’ ಎಂದು ಬರೆಯಬೇಕಾಗುತ್ತದೆ ಎಂದು ಕೆಳಗೆ ಟಿಪ್ಪಣಿ ಹಾಕಿತ್ತು. ಕಲ್ಲಿನವರ ಪತ್ರ ಅದೇ ವಾರ ಬಂತು.

ಶೇವಂತಿ ಮನೆಗೆ ಬಂದು ತಾಯಿಗೆ ಹೇಳಿದಳು. “ಜನ ಹೋದ ಮೇಲೆ ಹಕ್ಕಿ ಸಾಯ್ತಾ ಇವೆಯಂತೆ.”

“ಸಾಯ್ದೆ ಎಂತ ಮಾಡ್ತದೆ?” ಎಂದಳು ಮಾದೇವಿ. “ಚೌಡಿ ಪೂಜೆಗೆ ಬಿಡ್ತರಂತಲ್ಲ, ಒಂದ್ ದಿನ?”

ಬಿಡುತ್ತಿದ್ದರು. ಎಬ್ಬಿಸಿದ ಊರಿನ ದೇವರಿಗೆ ವರ್ಷಕ್ಕೊಂದು ದಿನ ಪೂಜೆ ಸಲ್ಲಿಸಬಹುದೆಂದು ಆದೇಶದಲ್ಲೇ ಇತ್ತು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ. ಇಪ್ಪತ್ತು ಜನಕ್ಕೆ ಪರವಾನಗಿ. ದೇವರ ಕೆಲಸಕ್ಕೆ ಹೋಗುವ ಹೆಂಗಸರ ಹಿಂದೆ ಡ್ರೋನು ಬಿಡುವುದು ಬೇಡವೆಂದು ಯಾರೋ ದೊಡ್ಡವರು ಬರೆದಿದ್ದರು.

ಬೀಜ ಮಾದೇವಿಯ ಅಕ್ಕಿಡಬ್ಬಿಯಲ್ಲೇ ಇದ್ದವು. ಬಹಳ ಅಜ್ಜಿಯರ ಡಬ್ಬಿಯಲ್ಲಿ ಇದ್ದವು. ತಿಕ್ಕಲು ಒರಳಿರಲಿಲ್ಲ. ಲಕ್ಷ್ಮಿಯ ಅತ್ತೆ ಸರಕಾರದ ಮಿಕ್ಸಿಗೆ ಹಾಕಿ ಗುಂಡಿ ಒತ್ತಿದಳು. ಜಾರು ಒಡೆದು, ಬೀಜ ಗೋಡೆಗೆ ಬಡಿದು, ಗಂಡುಮಕ್ಕಳೆಲ್ಲ ಓಡಿ ಬಂದರು.

“ಎಂತ ಅರೀತಾ ಇದ್ರಿ ಅಜ್ಜಿ?”

“ಅರಿಶಿನ ಕೊಂಬು.”

“ಅರಿಶಿನ ಕೊಂಬಿಗೆ ಮಿಕ್ಸಿ ಒಡೀತದ್ಯಾ?”

“ಸರಕಾರದ ಮಿಕ್ಸಿ ಮಾರಾಯ. ಎಂತಕ್ಕೂ ಒಡೀತದೆ.”

ಕೊನೆಗೆ ಕಾಲನಿಯ ಹಿಂದಿನ ಚರಂಡಿಯ ಸಿಮೆಂಟು ಕಟ್ಟೆಯ ಮೇಲೆ ಕೂತು ತಿಕ್ಕಿದರು. ಮೇ ತಿಂಗಳಲ್ಲಿ ಹಣ್ಣುಕಾಯಿಯ ಬುಟ್ಟಿಯೊಳಗೆ ಬೀಜ ಹೋಯಿತು. ಪೂಜೆ ಅರ್ಧ ತಾಸಿನಲ್ಲಿ ಮುಗಿಯಿತು. ಉಳಿದ ಹೊತ್ತು ಮುದುಕಿಯರು ಒಬ್ಬೊಬ್ಬರಾಗಿ ಕಾಡಿನೊಳಗೆ ಹೋಗಿ ಬಂದರು. ಒಂದು ವಿಷಯ ಮಾತ್ರ ಬದಲಾಗಿತ್ತು. ಎಲ್ಲಿ ನೆಟ್ಟೆವು ಎಂದು ಈಗ ಪ್ರತಿಯೊಬ್ಬಳೂ ಶೇವಂತಿಗೆ ಹೇಳಬೇಕಿತ್ತು. ಎಲ್ಲವೂ ಒಂದೇ ಕಡೆ ಎದ್ದರೆ ಯಂತ್ರಕ್ಕೆ ಅನುಮಾನ ಬರುತ್ತದೆ. ಮೊದಲ ಸಲ ಹೇಳುವಾಗ ಅವರಿಗೆ ಕಷ್ಟವಾಯಿತು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು.

ಅಕ್ಟೋಬರಿನಲ್ಲಿ ಏಳು ಸಸಿ ಎದ್ದವು. ಕಟ್ಟಿಯವರ ಕೆಲಸದ ಕೊನೆಯ ತಿಂಗಳು ಅದು. ಪರದೆಯ ಮುಂದೆ ನಿಂತು ಅವರು ಕೇಳಿದರು. “ಏಳೂ ನಿಮ್ಮವ ಏನ್ರಿ?”

“ಏಳೂ ನಮ್ಮವೇ ಸರ್.”

“ಹೆಚ್ಚಿನದು ಒಂದೂ ಇಲ್ಲ?”

“ಇಲ್ಲ ಸರ್.”

“ಆತು,” ಎಂದರು. ಧಾರವಾಡಕ್ಕೆ ಹೋದ ಮೇಲೂ ಪ್ರತಿ ಅಕ್ಟೋಬರಿಗೆ ಫೋನು ಮಾಡಿ ಇದನ್ನೇ ಕೇಳುತ್ತಿದ್ದರು. ಅವಳು ಇದನ್ನೇ ಹೇಳುತ್ತಿದ್ದಳು.

*

ಐದು ವರ್ಷ ಹೀಗೆ ನಡೆಯಿತು. ಏಳು, ಎಂಟು, ಎಂಟು, ಹತ್ತು, ಹನ್ನೊಂದು. ಕಾಲನಿಯಲ್ಲಿ ಆಸ್ಪತ್ರೆ ಹತ್ತಿರ, ಹುಟ್ಟಿದ ಮಕ್ಕಳು ಉಳಿಯುತ್ತಿದ್ದವು. ಹಕ್ಕಿ ಎಂಟಾಗಿವೆ ಎಂದು ಸುಳಿವು ಹೇಳುತ್ತಿತ್ತು. ಜನರನ್ನು ಎಬ್ಬಿಸಿದ್ದು ಸಾರ್ಥಕವಾಯಿತೆಂದು ಬೇರೆ ದ್ವೀಪಗಳ ಆದೇಶಗಳಲ್ಲಿ ಕರಿಗುಡ್ಡದ ಉದಾಹರಣೆ ಕೊಡುತ್ತಿದ್ದರು.

ಐದನೆಯ ವರ್ಷದ ಎಣಿಕೆಯ ಕೆಳಗೆ ಹೊಸ ಟಿಪ್ಪಣಿ ಬಂತು. ಶೇವಂತಿ ಅದನ್ನು ಎರಡು ಸಲ ಓದಿದಳು. ಐದು ವರ್ಷದಲ್ಲಿ ಒಂದು ಹಕ್ಕಿಯೂ ಸತ್ತ ಲಕ್ಷಣವಿಲ್ಲ. ಹಕ್ಕಿಗಳು ಹೀಗೆ ಹೆಚ್ಚುವುದಿಲ್ಲ. ಮುಂದಿನ ಸಲವೂ ಒಂದೂ ಸಾಯದಿದ್ದರೆ ಸ್ಥಳಕ್ಕೆ ತಂಡ ಕಳಿಸಿ ಮಣ್ಣು ಅಗೆದು ನೋಡಬೇಕು.

ಅವಳು ಬೆರಳಿನಲ್ಲಿ ಲೆಕ್ಕ ಹಾಕಿದಳು. ಎರಡಾದರೂ ಹಕ್ಕಿ ಸಾಯಬೇಕು. ಅಂದರೆ ಮುಂದಿನ ಸಲ ಒಂಬತ್ತಕ್ಕಿಂತ ಹೆಚ್ಚು ಸಸಿ ಏಳಬಾರದು. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿ ಬಿಚ್ಚುವ ಮೊದಲು ತಾಯಿಗೆ ಫೋನು ಮಾಡಿದಳು. ಮಾದೇವಿಗೆ ಈಗ ಎಂಬತ್ತು ಹತ್ತಿರ. ಕಿವಿ ಚುರುಕಾಗಿಯೇ ಇತ್ತು.

“ಅಮ್ಮಾ, ಈ ವರ್ಷದ್ದು ಹನ್ನೊಂದು ಮಗು ತಾನೇ?”

“ಹನ್ನೊಂದು. ಎಂತಕೆ?”

“ಒಂಬತ್ತೇ ನೆಡಬೇಕು.”

ಆ ಕಡೆ ಹೆದ್ದಾರಿಯ ಲಾರಿಯೊಂದು ಹಾದುಹೋಯಿತು. “ಹುಟ್ಟಿದ್ದು ಹನ್ನೊಂದಲ್ದಾ?” ಎಂದಳು ಮಾದೇವಿ.

“ಹೌದು. ಎರಡು ಬಿಡಬೇಕು. ಇಲ್ಲದಿದ್ದರೆ ಅಗೆದು ನೋಡ್ತರೆ. ಅಗೆದ್ರೆ ಎಲ್ಲಾ ಹೋಗ್ತದೆ.”

“ಬಾಕಿ ಜಾಗದಲ್ಲಿ? ದಡದ ಮೇಲೆ ಎಲ್ಲಾದ್ರೂ?”

“ಉಪ್ಪುನೆಲದಲ್ಲಿ ಅದು ಏಳುದಿಲ್ಲ. ಆಗಲೇ ನೋಡಿದ್ದೆ.”

ಮಾದೇವಿ ಉಸಿರೆಳೆದುಕೊಂಡದ್ದು ಕೇಳಿಸಿತು. ಜನರನ್ನು ಎಬ್ಬಿಸಿದಾಗಲೂ ಶೇವಂತಿ ಕೇಳಿರದ ದನಿಯಲ್ಲಿ ತಾಯಿ ಕೇಳಿದಳು. “ಯಾರದ್ದು ಬಿಡುದು ಮಗಾ?”

ಶೇವಂತಿಯ ಮುಂದೆ ಹನ್ನೊಂದು ಹೆಸರಿನ ಪಟ್ಟಿಯಿತ್ತು. ಕಾಲನಿಯ ಅಂಗನವಾಡಿಯಿಂದ ಅವಳೇ ತರಿಸಿಕೊಂಡದ್ದು. “ನಮ್ಮನೇದು ಒಂದು ಬಿಡು. ಮಂಕಾಳನ ಮೊಮ್ಮಗಂದು.”

“ಅದಕ್ಕೆ ನಾ ಆಗ್ಲೇ ಬೀಜ ತಿಕ್ಕಿ ಇಟ್ಟಿದ್ದೆ.”

“ಇಡು. ನೆಡಬೇಡ.”

“ಮಂಕಾಳನ ಹೆಂಡ್ತಿ ಕೇಳ್ತಳೆ. ಈಗ ಅವಳೂ ಅಜ್ಜಿ. ನೆಡೂದು ಅವಳೇ, ನಾ ಹೇಳ್ಕೊಡ್ಬೇಕು ಅಷ್ಟೇ.”

“ಅವಳಿಗೆ ಮೊಳೆಯದ ಬೀಜ ಕೊಡು. ತಿಕ್ಕದೇ ಇದ್ದದ್ದು ಕೊಡು. ನೆಡ್ಲಿ. ಏಳುದಿಲ್ಲ.”

ಹೇಳಿದ ಮೇಲೆ ಶೇವಂತಿ ತನ್ನ ಮಾತು ತಾನೇ ಕೇಳಿಸಿಕೊಂಡಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಒಳಗೆಲ್ಲೋ ಏನೋ ಅಲುಗಿದ ಹಾಗಾಯಿತು. ನೋವೆಂದು ಹೇಳುವಷ್ಟೂ ಇರಲಿಲ್ಲ. ಅವಳು ಕಾದಳು. ಅದು ನಿಂತಿತು.

“ಆ ಮಗು ಇಪ್ಪತ್ತು ತುಂಬಿ ಬಂದು ನನ್ ಮರ ಎಲ್ಲಿ ಅಂತ ಕೇಳ್ತದೆ,” ಎಂದಳು ಮಾದೇವಿ. “ಆಗ ನಾ ಇರುದಿಲ್ಲ.”

“ನಾನಿರ್ತೇನೆ.”

“ಎಂತ ಹೇಳ್ತೆ?”

“ಹಕ್ಕಿ ಸತ್ತೋಯ್ತು ಅಂತ ಹೇಳ್ತೇನೆ.”

“ಇನ್ನೊಂದು?” ಎಂದಳು ಮಾದೇವಿ.

ಶೇವಂತಿ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೇಲಿನ ಹೆಸರಿನಿಂದ ಓದತೊಡಗಿದಳು.